ಪ್ರದ್ಯುಮ್ನನ ಹೆಸರು ಕೂಗಿದ ಸಂಜೆ

ಬೆಳಗಿನ ಬಸ್ಸುಗಳಿಂದ ಇಳಿಯುವವರಲ್ಲಿ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ಯಾರು, ಟೀವಿ ಸೀರಿಯಲ್ಲಿನಿಂದ ಬಂದವರು ಯಾರು ಎನ್ನುವುದು ಅವರ ಚಪ್ಪಲಿ ನೋಡಿದರೆ ತಿಳಿಯುತ್ತದೆ. ಟೀವಿಯಲ್ಲಿ ಕಾಲು ತೋರಿಸುವುದು ಕಡಿಮೆ. ಹಾಗಾಗಿ ಅವರ ಚಪ್ಪಲಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ಡಾಕ್ಟರಾಗಲಿ, ಸಾಹುಕಾರನಾಗಲಿ, ಕೊಲೆಗಾರನಾಗಲಿ, ಎಲ್ಲರ ಕಾಲಲ್ಲೂ ಒಂದೇ ಕಂದು ಬಣ್ಣದ, ಮಣ್ಣು ಮುಟ್ಟದ ಚಪ್ಪಲಿ. ನಾನು ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೂರುತ್ತೇನೆ. ಕೌಂಟರು ಪ್ಲಾಟ್‌ಫಾರ್ಮಿಗಿಂತ ತಗ್ಗಿನಲ್ಲಿರುವುದರಿಂದ ನನಗೆ ಜನರ ಮುಖಕ್ಕಿಂತ ಮೊದಲು ಕಾಲು ಕಾಣುತ್ತದೆ.

ಸೀರಿಯಲ್ಲಿನ ಹೆಸರು 'ಬಾಗಿಲು ತೆಗೆದೇ ಇದೆ'. ದಿನಾ ಸಂಜೆ ಏಳಕ್ಕೆ ಬರುತ್ತದೆ. ಶ್ರೀವತ್ಸ ಎನ್ನುವ ಲೇಖಕನೊಬ್ಬ ಕೋಣೆಯಲ್ಲಿ ಕೂತು ಕಾದಂಬರಿ ಬರೆಯುತ್ತಾನೆ. ಅವನು ಬರೆದ ಜನ ಬಂದು ಅವನ ಬಾಗಿಲು ತಟ್ಟುತ್ತಾರೆ, ಒಳಗೆ ಕೂತು ಚಹಾ ಕುಡಿಯುತ್ತಾರೆ, ನಮ್ಮನ್ನು ಹೀಗೇಕೆ ಮಾಡಿದೆ ಎಂದು ಜಗಳ ತೆಗೆಯುತ್ತಾರೆ. ತನ್ನ ಹೆಂಡತಿಯನ್ನು ತಾನು ಮದುವೆಯಾದದ್ದೋ ಬರೆದದ್ದೋ ಎನ್ನುವುದೂ ಈಚೆಗೆ ಅವನಿಗೆ ನೆನಪಾಗುತ್ತಿಲ್ಲ. ಸೀರಿಯಲ್ಲಿನಲ್ಲಿ ಹೊಸ ಪಾತ್ರವೊಂದು ಕಾಣಿಸಿಕೊಂಡ ಮರುದಿನ ಬೆಳಿಗ್ಗೆ, ಬೋರ್ಡಿಲ್ಲದ ಬಸ್ಸಿನಿಂದ ಅದೇ ಮುಖದವರು ನಮ್ಮ ಊರಿನಲ್ಲಿ ಇಳಿಯುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿದೆ. ಅವರ ಬಾಲ್ಯದ ಬಗ್ಗೆ ಯಾರೂ ಕೇಳುವುದಿಲ್ಲ. ಟೀವಿಯಲ್ಲಿ ತೋರಿಸಿದ್ದಷ್ಟೇ ಅವರಿಗೆ ಗೊತ್ತಿರುತ್ತದೆ. ಕಟಿಂಗ್ ಅಂಗಡಿಯವನು ಅವರ ಕೂದಲಿಗೆ ಕತ್ತರಿ ಹಾಕುವುದಿಲ್ಲ. ಸಂಜೆ ಉದ್ದ ಕೂದಲು ತೋರಿಸಿದರೆ ಬೆಳಿಗ್ಗೆ ಮತ್ತೆ ಬೆಳೆದಿರುತ್ತದೆ, ಮಾಡಿದ ಕೆಲಸ ದಂಡ. ಅವರ ಮಕ್ಕಳ ವಯಸ್ಸನ್ನು ಶಾಲೆಯವರು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾರೆ, ಏಕೆಂದರೆ 'ಕೆಲವು ವರ್ಷಗಳ ನಂತರ' ಎಂದು ಪರದೆಯ ಮೇಲೆ ಬಂದರೆ ಮೂರನೆಯ ತರಗತಿಯ ಹುಡುಗಿ ಮರುದಿನ ಸೀರೆ ಉಟ್ಟು ಬೆಂಚಿನಲ್ಲಿ ಕೂತಿರುತ್ತಾಳೆ. ನಾನಿರುವುದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಅಲ್ಲಿನ ಲೈಬ್ರರಿಯೆಂದರೆ ಒಂದು ಕಪಾಟು, ಅದರ ತುಂಬ ಕಾದಂಬರಿಗಳು. ನಾನು ಎಲ್ಲವನ್ನೂ ಓದಿದ್ದೇನೆ. ಅವುಗಳಲ್ಲಿರುವ ಜನ ಪುಟದ ಒಳಗೇ ಉಳಿಯುತ್ತಾರೆ. ಅದೊಂದು ದೊಡ್ಡ ಅನುಕೂಲ ಎಂದು ಹೊರಗಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ.

ಪಾತ್ರ ಮುಗಿದವರು ಮರುದಿನ ಸಂಜೆ ಅದೇ ಬಸ್ಸಿನಲ್ಲಿ ಹೋಗುತ್ತಾರೆ. ಆರು ಗಂಟೆಗೆ ನಾನು ಮೈಕಿನಲ್ಲಿ ಹೆಸರು ಕೂಗುತ್ತೇನೆ, ಅವರು ಎದ್ದು ಹೋಗಿ ಕೂರುತ್ತಾರೆ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದು. ಹೋದವರು ಯಾರೂ ತಿರುಗಿ ಬಂದಿಲ್ಲ. ಡ್ರೈವರು ಮಾತಾಡುವುದಿಲ್ಲ. ಒಮ್ಮೆ ಅತ್ತೆಯ ಪಾತ್ರದ ಚಂದ್ರಲೇಖಾ ಎನ್ನುವವಳು ಹೋಗಲೊಲ್ಲೆ ಎಂದು ಹತ್ತಿಯ ಗೋದಾಮಿನಲ್ಲಿ ಅಡಗಿಕೊಂಡಳು. ಬಸ್ಸು ಕದಲಲಿಲ್ಲ. ಬಸ್ಸು ಕದಲದಿದ್ದರೆ ಕತೆಯೂ ಕದಲುವುದಿಲ್ಲ ಎಂದು ಆಗ ತಿಳಿಯಿತು. ಟೀವಿಯಲ್ಲಿ ಸಂಜೆಯ ಮೇಲೆ ಸಂಜೆ ಶ್ರೀವತ್ಸನ ಖಾಲಿ ಕುರ್ಚಿ ಮಾತ್ರ ಕಾಣುತ್ತಿತ್ತು, ಹಿನ್ನೆಲೆಯಲ್ಲಿ ಕೊಳಲು. ಕೊನೆಗೆ ಗೋದಾಮಿನಲ್ಲಿ ಅವಳನ್ನು ಬಚ್ಚಿಟ್ಟವರೇ ಕೈ ಹಿಡಿದು ಬಸ್ಸಿಗೆ ಕರೆತಂದರು. ಮುಂದೇನಾಯಿತು ಎಂದು ತಿಳಿಯದೆ ಅವರಿಗೂ ತಡೆಯಲಾಗಿರಲಿಲ್ಲ.

ಖಾನಾವಳಿಯ ಪದ್ದಣ್ಣ ಬಂದದ್ದು ಅದಕ್ಕೂ ಮೊದಲು. ಆಗ ಅವನು ಡಾಕ್ಟರ್ ಪ್ರದ್ಯುಮ್ನ. ಬಿಳಿ ಕೋಟು, ಕುತ್ತಿಗೆಗೆ ಸ್ಟೆತಾಸ್ಕೋಪು. "ಇಲ್ಲಿ ಆಸ್ಪತ್ರೆ ಎಲ್ಲಿದೆ?" ಎಂದು ಕಿಂಡಿಯಲ್ಲಿ ಬಗ್ಗಿ ಕೇಳಿದ್ದ. ತೋರಿಸಿದೆ. ಆದರೆ ಸೀರಿಯಲ್ಲಿನಲ್ಲಿ ಅವನು ಕೋಣೆಯಿಂದ ಹೊರಬಂದು "ಅವರಿಗೆ ವಿಶ್ರಾಂತಿ ಬೇಕು" ಎಂದು ಹೇಳಿದ್ದು ಬಿಟ್ಟರೆ ವೈದ್ಯಕೀಯವಾಗಿ ಏನನ್ನೂ ಮಾಡಿರಲಿಲ್ಲ. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ. ಕೈ ಮುರಿದವನಿಗೂ ವಿಶ್ರಾಂತಿ, ಹೆರಿಗೆಗೆ ಬಂದವಳಿಗೂ ವಿಶ್ರಾಂತಿ. ನರ್ಸು ಮರ್ಯಾದೆಯಿಂದಲೇ ಹೊರಗೆ ಕಳಿಸಿದಳು. ಹಸಿದುಕೊಂಡು ಶಂಕ್ರವ್ವನ ಖಾನಾವಳಿಗೆ ಬಂದ.

ಶಂಕ್ರವ್ವ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಖಾನಾವಳಿ ನಡೆಸುತ್ತಿದ್ದವಳು. ಮಕ್ಕಳಿರಲಿಲ್ಲ. ನಾನು ಎರಡೂ ಹೊತ್ತು ಉಣ್ಣುವುದು ಅಲ್ಲಿಯೇ. ಅವತ್ತು ಅವಳು ಆ ಬಿಳಿ ಕೋಟನ್ನು ಮೇಲಿನಿಂದ ಕೆಳಗೆ ನೋಡಿ, "ಡಾಕ್ಟ್ರ, ಆ ಅಂಗಿ ತಗದು ಗೂಟಕ್ಕ ಹಾಕ್ರಿ. ಹಿಟ್ಟು ನಾದಾಕ ಬರ್ತೈತೇನು?" ಎಂದಳು.

"ಗೊತ್ತಿಲ್ಲ. ಅದನ್ನು ತೋರಿಸಿಲ್ಲ."

"ನಾ ತೋರಸ್ತೀನಿ. ಕೈ ತೊಳಕೋರಿ."

ಹೀಗೆ ಶುರುವಾದದ್ದು ಮದುವೆಯಲ್ಲಿ ಮುಗಿಯಿತು. ಸೀರಿಯಲ್ಲಿನವರು ತೋರಿಸದ ಹೊತ್ತಿನಲ್ಲಿ ಏನು ಬೇಕಾದರೂ ಮಾಡಬಹುದು. ಪ್ರದ್ಯುಮ್ನ ಎನ್ನುವ ಹೆಸರು ಖಾನಾವಳಿಯಲ್ಲಿ ಬಾಳುವಂಥದ್ದಲ್ಲ, ಪದ್ದಣ್ಣ ಆದ. ಮಾತು ನಮ್ಮ ಕಡೆಯದಾಯಿತು. ರೊಟ್ಟಿ ಬಡಿಯುವುದರಲ್ಲಿ ಶಂಕ್ರವ್ವನಿಗೇ ಸಮ ಎನಿಸಿಕೊಂಡ. ಸಂಜೆ ಏಳಕ್ಕೆ ಎಲ್ಲರ ಜೊತೆ ಅವನೂ ಟೀವಿ ನೋಡುತ್ತಿದ್ದ. ಪರದೆಯ ಮೇಲೆ ತಾನು ಬಂದರೆ ಸಾರಿನ ಸೌಟು ಹಿಡಿದೇ ನಿಂತು, "ನಾ ಹಿಂಗ ಅಂದ್ನೇನು? ಯಾಕ ಅಂದ್ನೋ ಏನೋ," ಎನ್ನುತ್ತಿದ್ದ. ಮರುದಿನ ಬೆಳಿಗ್ಗೆ ಏಳುವಾಗ ಅದು ಅವನದೇ ನೆನಪಾಗಿ ತಲೆಯಲ್ಲಿ ಕೂತಿರುತ್ತಿತ್ತು.

ಈ ಸಲ ಹತ್ತಿಯ ಹಂಗಾಮು ಮುಗಿಯುವ ಹೊತ್ತಿಗೆ ಒಂದು ಸಂಜೆ, ಸೀರಿಯಲ್ಲಿನಲ್ಲಿ ಡಾಕ್ಟರ್ ಪ್ರದ್ಯುಮ್ನ ಬಾಗಿಲು ತಟ್ಟಿ ಒಳಗೆ ಬಂದ. ಬಂದವನು ಬೇರೆ ಮನುಷ್ಯ. ಪರದೆಯ ಕೆಳಗೆ ಒಂದು ಪಟ್ಟಿ ಓಡಿತು: 'ಇಂದಿನಿಂದ ಡಾಕ್ಟರ್ ಪ್ರದ್ಯುಮ್ನನ ಪಾತ್ರದಲ್ಲಿ ಹೊಸ ಕಲಾವಿದರು'.

ಉಣ್ಣುತ್ತಿದ್ದವರ ಕೈ ನಿಂತವು. ಗ್ಯಾರೇಜಿನ ಹುಸೇನಸಾಬ, "ಇಂವ ಯಾರಪಾ? ಇಂವ ನಮ್ಮ ಪದ್ದಣ್ಣ ಅಲ್ಲಲ್ಲ," ಎಂದ. ಎಲ್ಲರೂ ಪದ್ದಣ್ಣನ ಕಡೆ ತಿರುಗಿದರು.

ಪದ್ದಣ್ಣ ಹೊಸಬನನ್ನು ದಿಟ್ಟಿಸಿ ನೋಡಿದ. "ಕೂದ್ಲ ಚಲೋ ಅದಾವ," ಎಂದ.

ಪಾತ್ರ ಮುಗಿದವರನ್ನು ನಾವು ಕಳಿಸಿದ್ದೆವು, ಸತ್ತ ಪಾತ್ರದವರನ್ನೂ ಕಳಿಸಿದ್ದೆವು. ಪಾತ್ರ ಇದ್ದೂ ಮುಖ ಬದಲಾದದ್ದು ಇದೇ ಮೊದಲು. ಶಂಕ್ರವ್ವ ಮಾತ್ರ ಬುಟ್ಟಿ ಹಿಡಿದು ಸಾಲಿನ ನಡುವೆ ಬಂದು, "ರೊಟ್ಟಿ ಯಾರಿಗಿ ಬೇಕು? ಆರಿದ ಮ್ಯಾಲ ಕೇಳಬ್ಯಾಡ್ರಿ," ಎಂದಳು.

ಬೆಳಿಗ್ಗೆ ಬಸ್ಸಿನಿಂದ ಕಂದು ಚಪ್ಪಲಿಯ ಒಂದು ಜೊತೆ ಕಾಲು ಇಳಿಯಿತು. "ನಾನು ಡಾಕ್ಟರ್ ಪ್ರದ್ಯುಮ್ನ. ಇಲ್ಲಿ ಆಸ್ಪತ್ರೆ ಎಲ್ಲಿದೆ?"

ಅದೇ ಮಾತು, ಅದೇ ಬಗ್ಗಿದ ರೀತಿ. ಮುಖ ಮಾತ್ರ ಹತ್ತು ವರ್ಷ ಚಿಕ್ಕದು. ನಾನು ಅವನಿಗೆ ಆಸ್ಪತ್ರೆ ತೋರಿಸಬೇಕಿತ್ತು. ಅದರ ಬದಲು, "ಮೊದ್ಲ ನಾಷ್ಟಾ ಮಾಡ್ರಿ," ಎಂದು ಕೌಂಟರಿಗೆ ಬೀಗ ಹಾಕಿ ಖಾನಾವಳಿಗೆ ಕರೆದುಕೊಂಡು ಹೋದೆ. ಇಬ್ಬರು ಎದುರುಬದುರು ಕೂತರೆ ಏನಾಗುತ್ತದೆ ಎಂದು ನೋಡಬೇಕಿತ್ತು, ಅಷ್ಟೇ. ಇದರಲ್ಲಿ ಕರುಣೆಯ ಮಾತಿಲ್ಲ.

ಒಳಗೆ ಪದ್ದಣ್ಣ ಹಿಟ್ಟು ನಾದುವ ಪರಾತದ ಮುಂದೆ ಕೈ ಕಟ್ಟಿ ಕೂತಿದ್ದ. ಶಂಕ್ರವ್ವ ಅವನ ಪಕ್ಕ ನಿಂತಿದ್ದಳು.

"ಏನಾತಕ್ಕಾ?" ಎಂದೆ.

"ಮುಂಜಾನಿಂದ ಹಿಂಗ ಕುಂತಾರ. ತಲಿ ಖಾಲಿ ಆಗೇತಂತ."

ಪದ್ದಣ್ಣ ನನ್ನನ್ನು ನೋಡಿ, "ಕಸ್ತೂರಿ, ನನಗ ಒಬ್ಬಾಕಿ ಅವ್ವ ಇದ್ಲಲ್ಲ, ದೀಪಾ ಹಚ್ಚತಿದ್ಲು, ಅಂತ ನಿಮಗೆಲ್ಲಾ ಹೇಳತಿದ್ನಿ. ಹೇಳಿದ್ದು ನೆನಪೈತಿ. ಆಕಿ ನೆನಪಿಲ್ಲ," ಎಂದ. ಸಂಕಟದಲ್ಲಿ ಅಂದದ್ದಲ್ಲ. ಜೇಬಿನಲ್ಲಿ ಇಟ್ಟ ವಸ್ತು ಸಿಗದಿದ್ದಾಗ ಮನುಷ್ಯ ಇನ್ನೊಂದು ಜೇಬು ತಡಕುವಾಗ ಇರುತ್ತದಲ್ಲ, ಅಂಥ ದನಿ.

ಹೊಸಬ ಅಷ್ಟರಲ್ಲಿ ಮಣೆಯ ಮೇಲೆ ಕೂತಾಗಿತ್ತು. ಶಂಕ್ರವ್ವ ಅವನ ಮುಂದೆ ತಾಟು ಇಟ್ಟಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಬೆಣ್ಣೆ. ಯಾರ ಮೇಲೆ ಸಿಟ್ಟಿದ್ದರೂ ತಾಟಿನಲ್ಲಿ ಕಡಿಮೆ ಮಾಡುವ ಹೆಂಗಸಲ್ಲ ಅವಳು. ಪದ್ದಣ್ಣ ಎದ್ದು ಬಂದು ಅವನೆದುರು ಕುಕ್ಕರಗಾಲಿನಲ್ಲಿ ಕೂತ.

"ಡಾಕ್ಟ್ರ, ನಿಮ್ಮ ತಾಯಿ ಹೆಂಗಿದ್ರು? ಸ್ವಲ್ಪ ಹೇಳ್ರಿ."

ಹೊಸಬ ತುತ್ತು ನುಂಗಿ, ಸಂತೋಷದಿಂದಲೇ ಹೇಳಿದ. "ಅಮ್ಮ ಎಡಗೈಯಲ್ಲಿ ದೀಪ ಹಚ್ಚುತ್ತಿದ್ದರು. ಬಲಗೈಗೆ ಮೊದಲೊಮ್ಮೆ ಬೆಂಕಿ ತಗುಲಿತ್ತು. ನನ್ನನ್ನು ಓದಿಸಲು ಬಳೆ ಮಾರಿದರು. ಯಾಕೆ, ಅವರನ್ನು ನೀವು ಬಲ್ಲಿರಾ?"

"ಇಲ್ಲ," ಎಂದ ಪದ್ದಣ್ಣ. "ಉಣ್ರಿ ನೀವು." ಎದ್ದು ಹೋಗಿ ಹಿಟ್ಟಿಗೆ ನೀರು ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಕಡೇಮನಿ ಸರ್ ಬಂದರು. ಅವರು ನಮ್ಮ ಸ್ಟ್ಯಾಂಡಿನ ಕಂಟ್ರೋಲರ್. ನಾನು ಯಾರ ಹೆಸರು ಕೂಗಬೇಕೆಂದು ತೀರ್ಮಾನಿಸುವವರು. ಟೋಪಿ ತೆಗೆದು ಬೆಂಚಿನ ಮೇಲೆ ಇಟ್ಟು, "ಶಂಕ್ರವ್ವಾ, ನಾ ಏನ್ ಹೇಳ್ಲಿ ನಿನಗ. ಮಾರಿ ಪಡದೆ ಮ್ಯಾಲಿಂದ ಹೋತಂದ್ರ ಮನಿಷ್ಯಾ ಊರಿಂದ ಹೋಗಬೇಕು," ಎಂದರು.

"ನೀವು ಮಾರಿ ನೋಡಿ ಕೂಗತೀರೋ ಹೆಸರು ಹಿಡದು ಕೂಗತೀರೋ?"

"ಹೆಸರು ಹಿಡದು."

"ಆ ಹೆಸರಿನ ಪಾತ್ರ ಇನ್ನೂ ಐತಲ್ಲ ಟೀವ್ಯಾಗ? ಮತ್ಯಾಕ ಕೂಗತೀರಿ?"

ಕಡೇಮನಿ ಸರ್ ಗದ್ದ ಕೆರೆದುಕೊಂಡರು. "ಇಬ್ರು ಇರಾಕ ಬರೂದಿಲ್ಲವಾ. ಬಸ್ ಬೆಳಿಗ್ಗಿ ಬಂದದ್ದು ಎಂಜಿನ್ ಆಫ್ ಮಾಡಿ ನಿಂತೈತಿ. ಯಾರ್ನರೆ ಒಯ್ಯಾಕ ನಿಂತೈತಿ ಅದು. ನಿನಗೂ ಗೊತ್ತು."

ಉಣ್ಣುತ್ತಿದ್ದವರು ತಲೆ ಎತ್ತಲಿಲ್ಲ. ಅಲ್ಲಿದ್ದವರೆಲ್ಲ ಪದ್ದಣ್ಣನ ಕೈಯ ರೊಟ್ಟಿ ತಿಂದೇ ಬದುಕಿದವರು. ಹುಸೇನಸಾಬನೇ ಕೊನೆಗೆ, ತಾಟು ನೋಡುತ್ತ, "ಕತಿ ನಿಂದ್ರಬಾರದಲ್ರೀ ಅಕ್ಕಾರ," ಎಂದ. "ಶ್ರೀವತ್ಸನ ಹೆಣ್ತಿ ಹುಟ್ಟಿದಾಕಿನೋ ಬರದಾಕಿನೋ ಅಂತ ಈ ವಾರ ಗೊತ್ತಾಗೂದೈತಿ."

"ಹೌದಲ್ಲ," ಎಂದ ಪದ್ದಣ್ಣ ಒಲೆಯ ಮುಂದಿನಿಂದ. "ನಿಂದ್ರಬಾರದು."

ಅವನು ಅದನ್ನು ಚುಚ್ಚಿ ಅಂದದ್ದಲ್ಲ. ಅವನಿಗೂ ಅದು ಗೊತ್ತಾಗಬೇಕಿತ್ತು. ಉಂಡವರು ಕೈ ತೊಳೆದು ಹೋದ ಮೇಲೆ ಅವನು ಒಂದು ಟವೆಲು, ಒಂದು ಅಂಗಿ ಮಡಚಿ ಚೀಲಕ್ಕೆ ಹಾಕಿಕೊಂಡ. ಗೂಟದಲ್ಲಿದ್ದ ಬಿಳಿ ಕೋಟನ್ನು ಕೊಡವಿ ಹೊಸಬನಿಗೆ ಕೊಡಲು ಹೋದ. ಹೊಸಬ, "ನನ್ನದಿದೆ," ಎಂದ.

ನಾನು ಕೌಂಟರಿಗೆ ಮರಳಿದೆ. ನಾಲ್ಕು ಗಂಟೆಯ ಸುಮಾರಿಗೆ ಕಿಂಡಿಯೆದುರು ಬರಿಗಾಲು ಬಂದು ನಿಂತವು, ಹಿಮ್ಮಡಿಯಲ್ಲಿ ಬೂದಿ. ಶಂಕ್ರವ್ವ.

"ಕಸ್ತೂರಿ, ಇವತ್ತ ಕೂಗಬ್ಯಾಡ ನೀ."

"ಕೂಗದಿದ್ರ ಬಸ್ ನಿಲ್ತೈತಕ್ಕಾ. ಬಸ್ ನಿಂತ್ರ ಈ ಮಂದಿನ ನಿಮ್ಮ ಮನೀಗಿ ಬರ್ತಾರ. ಚಂದ್ರಲೇಖಾನ್ನ ಎಳಕೊಂಡು ಬಂದಂಗ ಪದ್ದಣ್ಣನ್ನೂ ಎಳಕೊಂಡು ಬರ್ತಾರ. ಎಲ್ಲಾರಕಿಂತ ಮುಂದ ಹುಸೇನಸಾಬ ಇರ್ತಾನ ನೋಡ್ರಿ."

ನಾನು ಮೆತ್ತಗೆ ಹೇಳಬಹುದಿತ್ತು. ಆದರೆ ಅವಳಿಗೆ ಮೆತ್ತಗಿನ ಮಾತಿನಿಂದ ಉಪಯೋಗವಿರಲಿಲ್ಲ. ಅವಳು ನಿಂತ ಬಸ್ಸಿನ ಕಡೆ ನೋಡಿದಳು. ಡ್ರೈವರು ಸ್ಟೇರಿಂಗಿನ ಮೇಲೆ ಕೈ ಇಟ್ಟು ಮುಂದೆ ನೋಡುತ್ತ ಕೂತಿದ್ದ.

"ಹೋದವ್ರು ಯಾರರೆ ಬಂದು ಹೇಳ್ಯಾರೇನು, ಅಲ್ಲಿ ಏನೈತಿ ಅಂತ?"

"ಯಾರೂ ಬಂದಿಲ್ಲ."

"ಹುಟ್ಟಿದವ್ರು ಯಾರರೆ ಹೋಗ್ಯಾರೇನು?"

ಯೋಚಿಸಿದೆ. "ಇಲ್ಲ. ಯಾಕ ಹೋಗ್ತಾರ?"

"ಕೂಗು ಹಂಗಾರ," ಎಂದಳು. "ಆದ್ರ ಹೆಸರಷ್ಟ ಕೂಗು. ಡಾಕ್ಟರ್ ಗೀಕ್ಟರ್ ಅನಬ್ಯಾಡ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಆರಕ್ಕೆ ಪ್ಲಾಟ್‌ಫಾರ್ಮು ತುಂಬಿತ್ತು. ಪದ್ದಣ್ಣ ಮತ್ತು ಹೊಸಬ ಒಂದೇ ಬೆಂಚಿನಲ್ಲಿ ಕೂತಿದ್ದರು. ಹೊಸಬ ಪಕ್ಕದ ಮುದುಕಿಯೊಬ್ಬಳ ನಾಡಿ ಹಿಡಿದು ವಿಶ್ರಾಂತಿ ಬೇಕೆಂದು ಹೇಳುತ್ತಿದ್ದ. ಮುದುಕಿ ತಲೆಯಾಡಿಸುತ್ತಿದ್ದಳು. ನಾನು ಮೈಕಿನ ಗುಂಡಿ ಒತ್ತಿದೆ. "ಪ್ರದ್ಯುಮ್ನ. ದಯವಿಟ್ಟು ಬಸ್ಸಿನಲ್ಲಿ ಕುಳಿತುಕೊಳ್ಳಬೇಕು."

ಇಬ್ಬರೂ ಎದ್ದರು. ಎದ್ದು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನು ಇವತ್ತೇ ಬಂದವನು," ಎಂದ ಹೊಸಬ, ತಪ್ಪಾಗಿ ಸಾಲಿನಲ್ಲಿ ನಿಂತವನ ಹಾಗೆ ಸಂಕೋಚದಿಂದ.

"ನಂದ ಇರಬೇಕು ಬಿಡ್ರಿ," ಎಂದ ಪದ್ದಣ್ಣ. ಚೀಲ ಎತ್ತಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

ಹಿಂದಿನಿಂದ ಅವನ ಅಂಗಿಯ ಕಾಲರು ಹಿಡಿದು ಶಂಕ್ರವ್ವ ಎಳೆದಳು. "ಸರೀರಿ ಅತ್ಲಾಗ." ಅವನನ್ನು ಕೆಳಗಿಳಿಸಿ ತಾನು ಹತ್ತಿದಳು. ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

ಕಡೇಮನಿ ಸರ್ ಓಡಿ ಬಂದರು. "ಏ ಶಂಕ್ರವ್ವಾ, ಇಳಿ. ನಿನ್ನ ಕೂಗಿಲ್ಲ."

"ಕೂಗೀರಿ," ಎಂದಳು ಕಿಟಕಿಯಿಂದ. "ರೇಷನ್ ಕಾರ್ಡಿನ್ಯಾಗ ನನ್ನ ಹೆಸರು ಏನೈತಿ? ಶಂಕ್ರವ್ವ ಕೋಂ ಪ್ರದ್ಯುಮ್ನ. ಲಗ್ನಾದಾಗಿಂದ ಯಾವ ಆಫೀಸಿಗಿ ಹ್ವಾದ್ರೂ ಗಂಡನ ಹೆಸರು ಹಿಡದ ಕೂಗ್ಯಾರ. ಏ ಪ್ರದ್ಯುಮ್ನ ಅವರ ಕಡಿಯವ್ರು ಯಾರು, ಬರ್ರಿ ಅಂತ. ನಾನ ಎದ್ದು ಹೋಗೇನಿ. ಇವತ್ತೂ ನಾನ ಎದ್ದೀನಿ."

ಕಡೇಮನಿ ಸರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಲ್ಲಿದ್ದ ಹೆಂಗಸರೆಲ್ಲ ಗಂಡನ ಹೆಸರಿಗೆ ಹಾಗೆಯೇ ಎದ್ದು ಹೋದವರು. ಎಲ್ಲರೂ ಡ್ರೈವರನ ಕಡೆ ನೋಡಿದರು. ಅವನು ಕನ್ನಡಿಯಲ್ಲಿ ಒಮ್ಮೆ ಶಂಕ್ರವ್ವನನ್ನು ನೋಡಿದ. ಬಾಗಿಲು ಹಾಕಿಕೊಂಡಿತು. ಎಂಜಿನು ಶುರುವಾಯಿತು. ಪದ್ದಣ್ಣ ಬಸ್ಸಿನ ಜೊತೆಗೆ ಗೇಟಿನವರೆಗೂ ನಡೆದ. ಕಿಟಕಿಯಿಂದ ಅವಳು ಏನೋ ಹೇಳಿದಳು. ಏನಂದಳು ಎಂದು ಆಮೇಲೆ ಕೇಳಿದೆ. ಹೆಸರುಬ್ಯಾಳಿ ನೆನಸಿಟ್ಟೀನಿ, ಸಂಜೀಕ ಒಗ್ಗರಣಿ ಹಾಕ್ರಿ ಅಂದಳಂತೆ.

ಏಳಕ್ಕೆ ಖಾನಾವಳಿಯಲ್ಲಿ ಕೂರಲು ಜಾಗವಿರಲಿಲ್ಲ. ಪದ್ದಣ್ಣ ಒಗ್ಗರಣೆ ಹಾಕಿ, ಬಡಿಸದೆ ಹಾಗೇ ನಿಂತಿದ್ದ. ಶ್ರೀ‌ವತ್ಸನ ಕೋಣೆ ಕಾಣಿಸಿತು. ಅವನು ಬರೆಯುತ್ತಿದ್ದ. ಬಾಗಿಲು ತಟ್ಟಿದ ಸದ್ದು. ಎದ್ದು ತೆಗೆದ. ಹೊಸ್ತಿಲಲ್ಲಿ ಶಂಕ್ರವ್ವ ನಿಂತಿದ್ದಳು. ಅದೇ ಸೀರೆ, ಅದೇ ಹಿಟ್ಟಿನ ಕೈ. ಟೀವಿಯ ಬೆಳಕಿನಲ್ಲಿ ಅವಳ ಬಣ್ಣ ತುಸು ಹೆಚ್ಚಾಗಿ ಕಾಣುತ್ತಿತ್ತು.

"ಕತಿ ಬರಿಯಾವ್ರು ನೀವ ಏನ್ರೀ?"

ಶ್ರೀವತ್ಸ ಗಲಿಬಿಲಿಗೊಂಡ. "ನೀವು ಯಾರು? ನಿಮ್ಮನ್ನು ನಾನು ಬರೆದಿಲ್ಲ."

"ನನ್ನ ಯಾರೂ ಬರದಿಲ್ಲ. ನಾ ಹುಟ್ಟೀನಿ."

ಖಾನಾವಳಿಯಲ್ಲಿ ಯಾರೋ ಸಿಳ್ಳೆ ಹಾಕಲು ಹೋದರು, ಪಕ್ಕದವರು ತಿವಿದರು.

"ಪ್ರದ್ಯುಮ್ನ ಅನ್ನೂ ಹೆಸರು ನೀವ ಇಟ್ಕೋರಿ," ಎಂದಳು ಶಂಕ್ರವ್ವ. "ಆ ಬಿಳಿ ಕೋಟು, ಆ ದೀಪಾ ಹಚ್ಚೂ ಅವ್ವ, ಎಲ್ಲಾ ಇಟ್ಕೋರಿ. ಮನಿಷ್ಯಾನ್ನ ನನಗ ಬಿಡ್ರಿ."

"ನಾನು ಬಿಟ್ಟರೆ ನಾಳೆಯಿಂದ ಅವನನ್ನು ಯಾರು ಬರೆಯುತ್ತಾರೆ?"

"ಯಾಕ ಬರೀಬೇಕು? ಮುಂಜಾನೆ ಎದ್ದು ಹಿಟ್ಟು ನಾದತಾರ."

ಶ್ರೀವತ್ಸ ಅವಳನ್ನು ನೋಡಿದ. ತಾನು ಬರೆದ ಪಾತ್ರಗಳನ್ನು ನೋಡುವುದಕ್ಕಿಂತ ಬೇರೆ ರೀತಿ. ಅಂಗಡಿಯಲ್ಲಿ ಒಳ್ಳೆಯ ಬಟ್ಟೆ ಕಂಡಾಗ ಅಂಚು ಮುಟ್ಟಿ ನೋಡುವವರ ನೋಟ ಅದು. ಮೇಜಿಗೆ ಮರಳಿ ಪೆನ್ನು ಎತ್ತಿಕೊಂಡ. ಹಾಳೆಯ ಮೇಲೆ ಅವನ ಕೈ ಚಲಿಸುವಲ್ಲಿಗೆ ಕಂತು ಮುಗಿಯಿತು.

"ಏನ್ ಡೈಲಾಗ್ ಹೊಡದ್ಲಪಾ," ಎಂದ ಹುಸೇನಸಾಬ. ನಂತರ ಪದ್ದಣ್ಣನ ಮುಖ ನೋಡಿ, ಎದ್ದು ಟೀವಿ ಆರಿಸಿದ.

ಬೆಳಿಗ್ಗೆ ನಾನು ಕೌಂಟರ್ ತೆಗೆಯುವ ಮೊದಲೇ ಪದ್ದಣ್ಣ ಪ್ಲಾಟ್‌ಫಾರ್ಮಿನಲ್ಲಿದ್ದ. ಬಸ್ಸು ಬಂತು. ಶಂಕ್ರವ್ವ ಇಳಿದಳು. ಆ ಬಸ್ಸಿನಲ್ಲಿ ಹೋಗಿ ತಿರುಗಿ ಬಂದದ್ದು ಅವಳೊಬ್ಬಳೇ.

"ಏನಂದ್ರು?" ಎಂದ ಪದ್ದಣ್ಣ.

"ಚಾ ಕುಡಿಸಿದ್ರು. ಸಕ್ಕರಿ ಹೆಚ್ಚಾಗಿತ್ತು." ನಡೆಯುತ್ತಲೇ ಹೇಳಿದಳು. "ನಿಮ್ಮನ್ನ ಬಿಟ್ರು. ಪುಕ್ಕಟ ಬಿಡಾಕ ಬರೂದಿಲ್ಲ ಅಂದ್ರು, ಒಬ್ರ ಬದ್ಲಿ ಒಬ್ರು ಬೇಕಂತ. ನಾ ಆಗ್ಲಿ ಅಂದ್ನಿ."

"ಹಂಗಂದ್ರ?"

"ಹಂಗಂದ್ರ ಆಗಾಗ ನಾ ಟೀವ್ಯಾಗ ಬರ್ತೀನಿ. ಅಷ್ಟ."

ಪದ್ದಣ್ಣ ನಿಂತುಬಿಟ್ಟ. ಅವನಿಗೆ ಅದರ ಅರ್ಥ ಗೊತ್ತಿತ್ತು, ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಶಂಕ್ರವ್ವ ತಿರುಗಿ, "ಬರ್ರಿ, ಒಲಿ ಹಚ್ಚೂದೈತಿ," ಎಂದಳು.

ಜನಕ್ಕೆ ಶಂಕ್ರವ್ವ ಇಷ್ಟವಾದಳು. ನಮ್ಮ ಊರಿನವಳು ಎಂದಲ್ಲ, ಪಾತ್ರ ಚೆನ್ನಾಗಿದೆ ಎಂದು. ಅದಕ್ಕೇ ಇರಬೇಕು, ಆಗಾಗ ಎಂದದ್ದು ಬರಬರುತ್ತ ದಿನಾ ಆಯಿತು. ಟೀವಿಯ ಶಂಕ್ರವ್ವ ಯಾರಿಗೋ ಕಪಾಳಕ್ಕೆ ಹೊಡೆದಳು, ಯಾರದೋ ಮದುವೆ ನಿಲ್ಲಿಸಿದಳು. ಬೆಳಿಗ್ಗೆ ನಮ್ಮ ಶಂಕ್ರವ್ವ ಅಂಗೈ ನೋಡಿಕೊಂಡು, "ಯಾರಿಗೋ ಹೊಡದೀನಿ ಅನಸ್ತೈತಿ, ಇಲ್ಲಿ ಚುರುಚುರು ಅಂತೈತಿ," ಎನ್ನುತ್ತಿದ್ದಳು. ಪದ್ದಣ್ಣ ನಾದುತ್ತಲೇ, "ಅದು ಟೀವ್ಯಾಗ," ಎನ್ನುತ್ತಿದ್ದ. ಅವಳು ಸರಿ ಎನ್ನುತ್ತಿದ್ದಳು. ಹೊಸ ಪ್ರದ್ಯುಮ್ನ ತಿಂಗಳ ಲೆಕ್ಕದಲ್ಲಿ ಉಣ್ಣಲು ಹತ್ತಿದ. ಅವನೂ ಒಳ್ಳೆಯವನೇ. ಹುಸೇನಸಾಬನ ಬೆನ್ನು ನೋವಿಗೆ ವಿಶ್ರಾಂತಿ ಬರೆದುಕೊಟ್ಟ.

ಒಂದು ಸಂಜೆಯ ಕಂತಿನಲ್ಲಿ ಶಂಕ್ರವ್ವ ಶ್ರೀವತ್ಸನೆದುರು ಕೂತು ಅತ್ತಳು. ಅವಳಿಗೆ ಒಬ್ಬಳು ಮಗಳಿದ್ದಳಂತೆ. ಎರಡು ಜಡೆ, ಮುಂದಿನ ಹಲ್ಲು ಬಿದ್ದಿತ್ತು. ಜ್ವರ ಬಂದು ಹೋದಳಂತೆ. ಖಾನಾವಳಿಯಲ್ಲಿ ಕಣ್ಣೊರೆಸಿಕೊಳ್ಳದವರು ಇಬ್ಬರೇ, ನಾನು ಮತ್ತು ನಿಜವಾದ ಶಂಕ್ರವ್ವ. ಅವಳು ಸೆರಗಿನಿಂದ ಹಿಡಿದು ಒಲೆಯ ಮೇಲಿನ ಪಾತ್ರೆ ಇಳಿಸುತ್ತಿದ್ದಳು. "ನನಗೆಲ್ಲಿ ಮಗಳು, ಏನರೆ ತೋರಸ್ತಾರ," ಎಂದಳು.

ಮರುದಿನ ಡ್ಯೂಟಿಗೆ ಮೊದಲು ಚಹಾಕ್ಕೆಂದು ಹೋದೆ. ಶಂಕ್ರವ್ವ ಒಲೆ ಹಚ್ಚಿರಲಿಲ್ಲ. ಪರಾತದ ಆಚೆ ಕೂತು, ನಾದುತ್ತಿದ್ದ ಪದ್ದಣ್ಣನನ್ನು ನೋಡುತ್ತಿದ್ದಳು.

"ರೀ, ನನಗ ಮಗಳಿದ್ಲೇನು?"

ಅವನು ಕೈ ನಿಲ್ಲಿಸಿದ. "ಟೀವ್ಯಾಗ ಇದ್ಲು."

"ಮನ್ಯಾಗ?"

"ಮನ್ಯಾಗ ಇರಲಿಲ್ಲ."

ಅವಳು ತಲೆಯಾಡಿಸಿದಳು. ಆದರೆ ಏಳಲಿಲ್ಲ. "ಆಕಿ ಜಡಿ ಹಾಕಿದ್ದು ಕೈಯಾಗ ಐತಿ ನೋಡ್ರಿ. ಕೂದ್ಲ ಗಂಟಾಗಿ ಒದರತಿದ್ಲು. ಹೆಸರು ಏನಂತ ಕರದೆ ನಾ?"

"ಹೆಸರು ಇನ್ನಾ ಹೇಳಿಲ್ಲ ಅವ್ರು."

"ಹಂಗಾರ ಅವ್ರು ಇಡೂದಕ್ಕ ಮೊದ್ಲ ನಾ ಇಡ್ತೀನಿ," ಎಂದಳು. ಮಂಡಿಯ ಮೇಲೆ ಸರಿದು ಹತ್ತಿರ ಬಂದು, ಪದ್ದಣ್ಣನ ಕಿವಿಗೆ ಬಾಯಿ ಹಚ್ಚಿ ಏನೋ ಅಂದಳು. "ನೀವು ಇಟ್ಕೋರಿ. ನಿಮ್ಮ ತಲ್ಯಾಗ ಕೈ ಹಾಕಾಕ ಈಗ ಯಾರಿಗೂ ಬರೂದಿಲ್ಲ."

ನನಗೆ ಆ ಹೆಸರು ತಿಳಿಯುವ ಆಸೆ ಬಹಳವಾಯಿತು. ಕೇಳಿದೆ. ಇಬ್ಬರೂ ಹೇಳಲಿಲ್ಲ.

ಅವತ್ತು ಸಂಜೆಯ ಕಂತಿನಲ್ಲಿ ಟೀವಿಯ ಶಂಕ್ರವ್ವ ಮಗಳ ಫೋಟೋ ಎದೆಗವಚಿಕೊಂಡು, "ಸ್ಫೂರ್ತಿ," ಎಂದು ಕರೆದಳು. ನಮ್ಮ ಕಡೆ ಯಾರೂ ಇಡುವ ಹೆಸರಲ್ಲ. ಬೆಳಿಗ್ಗೆ ನಾನು ಬೇಗನೇ ಖಾನಾವಳಿಗೆ ಹೋದೆ. ಶಂಕ್ರವ್ವ ಎದ್ದು ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು.

"ಸ್ಫೂರ್ತಿ," ಎಂದಳು, ಬಾಯಿಗೆ ಹೊಂದದ್ದನ್ನು ಅಗಿಯುವವಳ ಹಾಗೆ. "ಇದ ಬರಾಕತ್ತೈತಿ ಬಾಯಾಗ. ನಾ ಇಟ್ಟದ್ದು ಇದಲ್ಲ ಅಲ್ಲ?"

"ಅಲ್ಲ," ಎಂದ ಪದ್ದಣ್ಣ.

"ಯಾವುದು ಮತ್ತ?"

ಅವನು ಹಿಟ್ಟಿನ ಕೈ ಟವೆಲಿಗೆ ಒರೆಸಿಕೊಂಡು ಎದ್ದ. ನಾನಿದ್ದೇನೆಂದು ನನ್ನ ಕಡೆ ಬೆನ್ನು ಮಾಡಿದ. ಅವಳ ಕಿವಿಯ ಮೇಲಿನ ಕೂದಲು ಸರಿಸಿ, ಬಗ್ಗಿ, ಹೇಳಿದ.